4294967297 ಅವಿಭಾಜ್ಯ ಸಂಖ್ಯೆ ಅಲ್ವಾ?

ಅಲ್ಲ. ಇದು 641 × 6700417. ಅವಿಭಾಜ್ಯ ಅಂದರೆ 1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ. ಇದು ಹಾಗಿಲ್ಲ.

ಅನುಮಾನ ಬರೋದು ಸಹಜ. ಇದು 2³² + 1. ಇದೇ ಜಾತಿಯ 2¹ + 1, 2² + 1, 2⁴ + 1, 2⁸ + 1, 2¹⁶ + 1, ಅಂದರೆ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಇದೂ ಹಾಗೇ ಇರುತ್ತದೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದು 641ರಿಂದ ಭಾಗವಾಗುತ್ತದೆಂದು ತೋರಿಸಿದರು.

ಇದನ್ನು ಪರೀಕ್ಷಿಸಲು ಉದ್ದ ಭಾಗಾಕಾರ ಬೇಡ, 641ರಿಂದ ಭಾಗಿಸಿದಾಗ ಉಳಿಯುವ ಶೇಷ ನೋಡಿದರೆ ಸಾಕು. 640 ಅಂದರೆ 5 × 2⁷. ಅದು 641ಕ್ಕೆ 1 ಕಮ್ಮಿ, ಹಾಗಾಗಿ ಶೇಷ −1 ಅಂತ ಇಟ್ಟುಕೊಳ್ಳಿ. ನಾಲ್ಕು 640ಗಳನ್ನು ಒಂದಕ್ಕೊಂದು ಗುಣಿಸಿದರೆ 5⁴ × 2²⁸, ಶೇಷವೂ ಹಾಗೇ ನಾಲ್ಕು −1ಗಳ ಗುಣಲಬ್ಧ, ಅಂದರೆ 1. ಈಗ ನನಗೆ ಇಷ್ಟವಾದ ತಿರುವು: 5⁴ ಅಂದರೆ 625, ಅದು 641ಕ್ಕೆ ಸರಿಯಾಗಿ 16 ಕಮ್ಮಿ. ಅದರ ಜಾಗದಲ್ಲಿ −2⁴ ಹಾಕಿ. −2³²ರ ಶೇಷ 1 ಆಯಿತು. ಅಂದಮೇಲೆ 2³²ರ ಶೇಷ −1. ಅದಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ.