ಪ್ರತಿ ಸಲ ಲೆಕ್ಕ ಹಾಕಬೇಕಾಗಿಲ್ಲ

ನೀವು ಕೇಳಿದ್ದು ಇದು: ಜಾಸ್ತಿ ಜನರಿಗೆ ಒಳಿತಾಗುವುದೇ ಸರಿ ಅಂದರೆ, ಪ್ರತಿ ಕೆಲಸಕ್ಕೂ ಮುಂಚೆ ಕೂತು ಲೆಕ್ಕ ಹಾಕಬೇಕಾ? ಬೇಕಿಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1861ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮನುಷ್ಯರು ಇಷ್ಟು ಕಾಲ ಬದುಕಿ ಕಲಿತದ್ದೇ ಆ ಲೆಕ್ಕ. ಹಡಗಿನವರು ನಡುನೀರಲ್ಲಿ ಗ್ರಹ ನಕ್ಷತ್ರದ ಗಣಿತ ಶುರು ಮಾಡುವುದಿಲ್ಲ, ಮೊದಲೇ ತಯಾರಾದ ಪಂಚಾಂಗ ಹಿಡಿದು ಹೊರಡುತ್ತಾರೆ ಅನ್ನುತ್ತಾರೆ ಅವರು.

ನಮ್ಮ ಕಲಬುರಗಿಯ ತೊಗರಿ ಹೊಲವನ್ನೇ ನೋಡಿ. ಗಿಡ ಬಾಡಿಸಿ ಒಣಗಿಸುವ ನೆಟೆ ರೋಗ ಬಂದ ಹೊಲಕ್ಕೆ ಮರುವರ್ಷ ಮತ್ತೆ ತೊಗರಿ ಹಾಕಬೇಡ, ಜೋಳ ಹಾಕು ಅಂತ ಹಿರಿಯರು ಹೇಳುತ್ತಾರಲ್ಲ, ಆ ಒಂದು ಮಾತಿನ ಹಿಂದೆ ಎಷ್ಟು ಮಂದಿ ಬೆಳೆ ಕಳೆದುಕೊಂಡು ಅತ್ತಿರಬೇಕು! ಸುಳ್ಳು ಹೇಳಬೇಡ, ಮಾತು ತಪ್ಪಬೇಡ ಅನ್ನುವುದೂ ಹಾಗೇ ಬಂದದ್ದು.

ಆದರೆ ಅನುಭವ ಒಂದೇ ಸಾಲದು. ನಸುಕಿನಲ್ಲಿ ನಿಮ್ಮ ಟೆಂಪೊದಲ್ಲಿ ಒಬ್ಬರ ತೊಗರಿ ಮೂಟೆ ಎಪಿಎಂಸಿಗೆ ಒಯ್ಯುತ್ತೇನೆ ಅಂತ ಮಾತು ಕೊಟ್ಟಿದ್ದೀರಿ ಅಂದುಕೊಳ್ಳಿ, ಅಷ್ಟರಲ್ಲಿ ಪಕ್ಕದ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಶುರುವಾಗುತ್ತದೆ. ಎರಡು ನಿಯಮ ಡಿಕ್ಕಿ ಹೊಡೆದವು ಅಲ್ವಾ? ಆಗ ಮಾತ್ರ ಮೂಲಕ್ಕೆ ಹೋಗಿ ಯಾರಿಗೆ ಎಷ್ಟು ಹಾನಿ ಅಂತ ತೂಗಬೇಕು. ಅದೇ ವಿವೇಚನೆ.

ಒಂದು ಕಡೆ ಮಾತ್ರ ನನಗೆ ಮಿಲ್ ಒಪ್ಪಿಗೆಯಾಗುವುದಿಲ್ಲ. ಎರಡು ಸುಖಗಳಲ್ಲಿ ಯಾವುದು ಮೇಲು ಅಂತ, ಎರಡನ್ನೂ ಕಂಡವರೇ ಹೇಳಬೇಕಂತೆ. ಆದರೆ ದಿನವಿಡೀ ಬಿಸಿಲಲ್ಲಿ ಕೂಲಿ ಮಾಡಿ ಬಂದವರಿಗೆ ಬೇವಿನ ನೆರಳಲ್ಲಿ ಸಿಗುವ ಸುಖವನ್ನು, ಓದಿಕೊಂಡ ಎಷ್ಟು ಜನ ನಿಜವಾಗಿ ಕಂಡಿದ್ದಾರೆ?