ಅವ್ವನ ನಿದ್ದೆ ಮಾತ್ರೆಗಳನ್ನು ಎಸೆಯಬೇಡಿ

ಗದಗಿನಲ್ಲಿರುವ ನಿಮ್ಮ ಅವ್ವ ಆರು ವರ್ಷಗಳಿಂದ ಅಲ್ಪ್ರಜೋಲಾಮ್ ನುಂಗುತ್ತಿದ್ದಾರೆ, ಈಗ ಒಂದು ಮಾತ್ರೆ ಎರಡಾಗಿದೆ, ಎಲ್ಲವನ್ನೂ ಎತ್ತಿ ಎಸೆದುಬಿಡಲೇ ಎಂದು ಕೇಳಿದ್ದೀರಿ. ಕೈಮುಗಿದು ಹೇಳುತ್ತೇನೆ, ಎಸೆಯಬೇಡಿ. ನಾನು ಎಸೆದಿದ್ದೆ.

ನಾವು ಹುಬ್ಬಳ್ಳಿಯವರು. ಅಪ್ಪ ತೀರಿಕೊಂಡಾಗ ವೈದ್ಯರೊಬ್ಬರು ಅವ್ವನಿಗೆ ಹದಿನೈದು ದಿನಕ್ಕೆಂದು ಇದೇ ಮಾತ್ರೆ ಬರೆದುಕೊಟ್ಟಿದ್ದರು. ಆ ಚೀಟಿ ಎಂಟು ವರ್ಷ ನಡೆಯಿತು. ಮಡಿಕೆಯಲ್ಲಿ ಹರಿಯತೊಡಗಿದಾಗ ಅವ್ವ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಳು. ಅಲ್ಪ್ರಜೋಲಾಮ್ 2014ರಿಂದ ಎಚ್1 ಪಟ್ಟಿಯಲ್ಲಿದೆ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ. ಮಾರಿದವರು ರೋಗಿಯ ಹೆಸರು, ವೈದ್ಯರ ಹೆಸರು, ಎಷ್ಟು ಕೊಟ್ಟರು ಎಂಬುದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಪ್ಲಾಸ್ಟಿಕ್ ಹೊದ್ದ ಹಳೆಯ ಚೀಟಿ ನೋಡಿಯೂ ಕೊಡುತ್ತಲೇ ಬಂದವರ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ಒಂದು ದಿನ ಜಗಳವಾಡಿ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಗಟಾರಕ್ಕೆ ಸುರಿದೆ. ಎರಡು ರಾತ್ರಿ ಅವ್ವ ಕಣ್ಣು ಮುಚ್ಚಲಿಲ್ಲ, ಮೈಯೆಲ್ಲ ಬೆವರು. ಹಟ ಮಾಡುತ್ತಿದ್ದಾಳೆ ಎಂದುಕೊಂಡೆ. ಮೂರನೆಯ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ಸಪ್ಪಳ ನಿಂತಿತೆಂದು ತಿರುಗಿ ನೋಡಿದರೆ ಅಂಗೈ ಹಿಟ್ಟಿನ ಮೇಲೆಯೇ ಸೆಟೆದು ನಿಂತಿತ್ತು. ನೋಡನೋಡುತ್ತಲೇ ಪಕ್ಕಕ್ಕೆ ಉರುಳಿದಳು. ಫಿಟ್ಸ್. ಹುಟ್ಟಿದಾಗಿನಿಂದ ಅವಳಿಗೆ ಆ ರೋಗವಿರಲಿಲ್ಲ.

ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಈ ಮಾತ್ರೆ ಬಲ ಕೊಡುತ್ತದೆ. ವರ್ಷಗಟ್ಟಲೆ ಆ ಬಲ ಸಿಕ್ಕರೆ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ತೆಗೆದರೆ ಕೆರಳುತ್ತದೆ. ಹಾಗಾಗಿ ನಿಲ್ಲಿಸುವುದಕ್ಕೂ ವೈದ್ಯರೇ ಬೇಕು.

ಮುಂದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಪರಿಚಯದವರು ನೋಡಿಯಾರು ಎಂದು ಚಿಗರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅಲ್ಲಿಯ ವೈದ್ಯರು ಅವಳನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವ ಡಯಾಜೆಪಾಮ್‌ಗೆ ಬದಲಿಸಿ, ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದರು. ಏಳು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಇಳಿಸುವುದನ್ನು ತಡೆದು ನಿಂತೆವು. ನಡುರಾತ್ರಿ ಎದ್ದು ಅಳುತ್ತಿದ್ದಳು. ಕಟ್ಟೆಯ ಮೇಲೆ ಜೊತೆಗೆ ಕುಳಿತುಕೊಳ್ಳುತ್ತಿದ್ದೆ. ಮಾತ್ರೆ ಇಳಿದಂತೆ ಮರೆವೂ ಇಳಿಯಿತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದನ್ನು ನಾನು ವಯಸ್ಸಿನ ಮರೆವು ಎಂದುಕೊಂಡಿದ್ದೆ.

ನಿಮಗೆ ಧಾರವಾಡ ದೂರವಾದರೆ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಮನೋವೈದ್ಯರನ್ನೇ ಕಾಣಬಹುದು. ಅಲ್ಲಿಯವರೆಗೆ ಮಾತ್ರೆ ಹೆಚ್ಚಿಸಲೂ ಬೇಡಿ, ನಿಲ್ಲಿಸಲೂ ಬೇಡಿ. ಮಂಡಿನೋವಿಗೆಂದು ಟ್ರಮಡಾಲ್‌ನಂತಹ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ತಡಮಾಡಬೇಡಿ, ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು. ದಿಕ್ಕು ತೋಚದ ಹೊತ್ತಿನಲ್ಲಿ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿಯೇ ಮಾತನಾಡಬಹುದು. ಫಿಟ್ಸ್ ಬಂದರೆ ಮಾತ್ರ ಯಾರಿಗೂ ಕಾಯದೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿಯ ಜೊತೆಗೆ ಮನೆಯಲ್ಲಿ ಸಿಕ್ಕ ಮಾತ್ರೆಯ ಖಾಲಿ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಎಂದು ವೈದ್ಯರು ಕೇಳಿದಾಗ ನಮ್ಮ ಅವ್ವ ಒಂದು ಎಂದಳು. ದಿಂಬಿನ ಚೀಲದೊಳಗೆ ಸಿಕ್ಕ ಪಟ್ಟಿಗಳನ್ನು ಎಣಿಸಿದರೆ ದಿನಕ್ಕೆ ಮೂರಾಗುತ್ತಿತ್ತು.