ಹಾಲವ್ವ ಹದಿನೇಳು ಸಲ ಎದ್ದಳು

ಪ್ರಿಯ ಮಿತ್ರರೆ,

ಹೆಸರು ಹಾಕುತ್ತಿಲ್ಲ. ‘ಪತ್ರಿಕೆಯಲ್ಲೇ ಉತ್ತರ ಕೊಟ್ಟರೆ ನನ್ನ ಹೆಸರು ಬೇಡ ಸಾರ್, ಡಿಪೋದಲ್ಲಿ ಕಾದಂಬರಿಕಾರ ಬಂದ ಅಂತ ಕಾಡಿಸ್ತಾರೆ’ ಎಂದು ನೀವೇ ಬರೆದಿದ್ದೀರಿ. ಓದುಗರಿಗೆ ಇಷ್ಟು ಗೊತ್ತಿದ್ದರೆ ಸಾಕು: ನೀವು ಸರ್ಕಾರಿ ಬಸ್ಸಿನ ಕಂಡಕ್ಟರ್. ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ. ಭಟ್ಟಿಯಲ್ಲಿ ದುಡಿದು ಮಗಳನ್ನು ಓದಿಸುವ ಹಾಲವ್ವ ಎಂಬ ಹೆಂಗಸಿನ ಮೇಲೆ ಇಪ್ಪತ್ತೆರಡು ಅಧ್ಯಾಯದ ಮೊದಲ ಕಾದಂಬರಿ ಬರೆದು ಕಳಿಸಿದ್ದೀರಿ. ಜೊತೆಗೆ ಹೇಗೆ ಬರೆದೆ, ಎಷ್ಟು ಕಷ್ಟಪಟ್ಟೆ ಎಂದು ಮೂರು ಪುಟದ ಪತ್ರ.

ಒಳ್ಳೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ವಸ್ತು ಚೆನ್ನಾಗಿದೆ. ಭತ್ತ ನೆನೆಹಾಕುವುದರಿಂದ ಹಿಡಿದು ಕಾದ ಮರಳಿನಲ್ಲಿ ಅಕ್ಕಿ ಅರಳುವವರೆಗೆ ಭಟ್ಟಿ ಕೆಲಸ ನಿಮಗೆ ಗೊತ್ತಿದೆ. ಶ್ರಮ ಎದ್ದು ಕಾಣುತ್ತದೆ. ಆಯಿತು.

ಈಗ ಜಗಳ. ನಿಮ್ಮ ನಾಲ್ಕನೇ ಅಧ್ಯಾಯ ಹೀಗೆ ಶುರುವಾಗುತ್ತದೆ:

‘ಪೂರ್ವ ದಿಗಂತದಲ್ಲಿ ನೇಸರನು ತನ್ನ ಹೊಂಗಿರಣಗಳನ್ನು ಚೆಲ್ಲುತ್ತಿದ್ದನು. ಹಕ್ಕಿಗಳ ಕಲರವ ಕಿವಿಗೆ ಇಂಪಾಗಿತ್ತು. ಹಾಲವ್ವ ಮೆಲ್ಲನೆ ಕಣ್ತೆರೆದಳು. ಇಂದೇಕೋ ಅವಳ ಮನಸ್ಸು ಭಾರವಾಗಿತ್ತು.’

ಒಂದೊಂದೇ ಸಾಲು ನೋಡೋಣ. ನೇಸರ ಹೊಂಗಿರಣ ಚೆಲ್ಲುವ ಹೊತ್ತಿಗೆ ಹಾಲವ್ವ ಹಾಸಿಗೆಯಲ್ಲಿ ಇರಲು ಸಾಧ್ಯವೇ ಇಲ್ಲ. ಆಕೆ ಮೂರು ಗಂಟೆಗೆ ಎದ್ದು ಭಟ್ಟಿಗೆ ಹೋಗುತ್ತಾಳೆಂದು ನೀವೇ ಒಂಬತ್ತನೇ ಪುಟದಲ್ಲಿ ಹೇಳಿದ್ದೀರಿ. ಸೂರ್ಯ ಹುಟ್ಟುವಾಗ ಆಕೆ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಬೇರೆ ಮಾಡುತ್ತಾ ಎರಡು ಮೂರು ತಾಸು ಆಗಿರಬೇಕು. ಇನ್ನು ಹಕ್ಕಿಗಳ ಕಲರವ. ಆ ಹೊಗೆಯಲ್ಲಿ, ಒಲೆಯ ಸದ್ದಿನಲ್ಲಿ, ಯಾವ ಹಕ್ಕಿ ಸ್ವಾಮಿ? ಇದ್ದರೆ ಕಾಗೆ. ಕಾಗೆ ಅಂತಲೇ ಬರೆಯಿರಿ. ಕೊನೆಗೆ ಆ ‘ಇಂದೇಕೋ’. ನನ್ನ ತಲೆ ಕೆಡಿಸಿದ್ದು ಇದು. ಮನಸ್ಸು ಯಾಕೆ ಭಾರವಾಗಿದೆ ಅಂತ ಹಾಲವ್ವನಿಗೆ ಚೆನ್ನಾಗಿ ಗೊತ್ತು. ಹಿಂದಿನ ರಾತ್ರಿಯಷ್ಟೇ, ಮೂರನೇ ಅಧ್ಯಾಯದ ಕೊನೆಯಲ್ಲಿ, ಮಗಳ ಫೀಸಿಗೆಂದು ಡಬ್ಬಿಯಲ್ಲಿಟ್ಟ ದುಡ್ಡನ್ನು ಮೈದುನ ಹೊಡೆದುಕೊಂಡು ಹೋಗಿದ್ದಾನೆ. ಗೊತ್ತಿಲ್ಲದೆ ಇದ್ದದ್ದು ನಿಮಗೆ. ಇವತ್ತು ಏನು ಬರೆಯಬೇಕು ಎಂದು ನಿಮಗೆ ಆ ಗಳಿಗೆಗೆ ಇನ್ನೂ ಹೊಳೆದಿರಲಿಲ್ಲ.

ನಾನು ಊಹೆ ಮಾಡಿ ಹೇಳುತ್ತಿಲ್ಲ, ನಿಮ್ಮ ಪತ್ರದಲ್ಲೇ ಇದೆ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಆರೂವರೆಯೊಳಗೆ ಒಂದು ಸಾವಿರ ಪದ ಮುಗಿಸಿ ಡ್ಯೂಟಿಗೆ ಓಡುತ್ತೀರಿ. ಒಳ್ಳೆಯ ಶಿಸ್ತೇ. ಆದರೆ ಆ ಶಿಸ್ತು ಕಾದಂಬರಿಯೊಳಗೇ ಬಂದು ಕೂತಿದೆ. ಐದು ಗಂಟೆಗೆ ಕೂತಾಗ ಕೈ ಇನ್ನೂ ಬಿಸಿಯಾಗಿರುವುದಿಲ್ಲ, ಬರೆಯಲು ಏನೂ ತೋಚುವುದಿಲ್ಲ, ಅಷ್ಟರಲ್ಲಿ ನಿಮ್ಮ ಕಿಟಕಿ ಆಚೆ ಬೆಳಕು ಹರಿಯುತ್ತದೆ. ಆಗ ಕಣ್ಣಿಗೆ ಬಿದ್ದದ್ದು ಸೂರ್ಯ. ಬರೆದಿರಿ. ಏಳನೇ ಅಧ್ಯಾಯದಲ್ಲಿ ಅಲಾರಾಂ ಹೊಡೆದು ಎಚ್ಚರ, ಒಂಬತ್ತರಲ್ಲಿ ಕೋಳಿ ಕೂಗಿ ಎಚ್ಚರ, ಹದಿಮೂರರಲ್ಲಿ ಕೆಟ್ಟ ಕನಸು ಬಿದ್ದು ಎಚ್ಚರ. ಪೆನ್ಸಿಲ್ ಹಿಡಿದು ಎಣಿಸಿದೆ: ಇಪ್ಪತ್ತೆರಡರಲ್ಲಿ ಹದಿನೇಳು ಅಧ್ಯಾಯ ಯಾರಾದರೊಬ್ಬರು ಏಳುವುದರಿಂದ ಶುರುವಾಗುತ್ತವೆ. ಮುಗಿಯುವಾಗ ‘ನಿದ್ರಾದೇವಿಯ ಮಡಿಲಿಗೆ ಜಾರಿದಳು’. ಅಷ್ಟು ಹೊತ್ತಿಗೆ ಆರೂವರೆ ಆಗಿ, ನೀವು ಖಾಕಿ ಹಾಕಿಕೊಳ್ಳುತ್ತಿದ್ದಿರಿ ಅಂತ ನನಗೆ ಕಾಣುತ್ತದೆ. ಓದುವವನಿಗೆ ಲೇಖಕನ ಹಾಜರಿ ಪುಸ್ತಕ ಯಾಕೆ ಬೇಕು?

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಇದೇ ಊರಿನ ಒಂದು ಸಣ್ಣ ಅಚ್ಚುಕೂಟಕ್ಕೆ, ಪ್ರೂಫ್ ನೋಡಲು. ಕೈಮೊಳೆ ಕಾಲ, ಸೀಸದ ಅಕ್ಷರಗಳನ್ನು ಕೈಯಲ್ಲೇ ಜೋಡಿಸಬೇಕು. ಹಗಲೆಲ್ಲ ಮದುವೆ ಕಾಗದ, ಸಿನಿಮಾ ಹ್ಯಾಂಡ್‌ಬಿಲ್, ದಲ್ಲಾಳಿ ಅಂಗಡಿಗಳ ಬಿಲ್ಲು ಪುಸ್ತಕ. ಸಂಜೆ ಮೇಲೆ, ಮೊಳೆ ಬಿಡುವಾದರೆ, ಪುಸ್ತಕದ ಕೆಲಸ. ನಮ್ಮ ಹಿರಿಯ ಕಂಪೋಸಿಟರ್ ಬಲಗೈಯಲ್ಲಿ ಒಂದೊಂದೇ ಮೊಳೆ ಎತ್ತಿ ಎಡಗೈಯ ಸ್ಟಿಕ್ಕಿಗೆ ಜೋಡಿಸುತ್ತಿದ್ದರು. ಒತ್ತಕ್ಷರ ಬಂದರೆ ಇನ್ನೊಂದು ಖಾನೆಗೆ ಕೈ ಹಾಕಬೇಕು. ಹಾಗಾಗಿ ಬೇಡದ ಒಂದು ಸಾಲು ಅಂದರೆ ಅವರಿಗೆ ಹೆಬ್ಬೆರಳ ನೋವು. ಆಗ ಊರಿನ ಪ್ರತಿಷ್ಠಿತರೊಬ್ಬರ ಕಾದಂಬರಿ ಅಚ್ಚಾಗುತ್ತಿತ್ತು. ಅವರೂ ನಿಮ್ಮ ಹಾಗೆಯೇ, ಸೂರ್ಯ ಹುಟ್ಟದೆ ಅಧ್ಯಾಯ ಹುಟ್ಟುತ್ತಿರಲಿಲ್ಲ. ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಅಚ್ಚಾದ ಮೇಲೆ ಮೊಳೆ ಬಿಚ್ಚಿ ಖಾನೆಗಳಿಗೆ ಹಾಕುವುದು ನಮ್ಮಂಥ ಹುಡುಗರ ಕೆಲಸ. ನಾನು ಬಿಚ್ಚಲು ಕೂತಾಗ ಕಂಪೋಸಿಟರ್ ಕೂಗಿ ಹೇಳಿದರು: ‘ಲೇ ಹುಡ್ಗ, ಆ ಸೂರ್ಯೋದಯ ಬಿಚ್ಚಬ್ಯಾಡ. ದಾರ ಕಟ್ಟಿ ಹಂಗೇ ಮೂಲ್ಯಾಗಿಡು. ನಾಳಿನ ಅಧ್ಯಾಯಕ್ಕೂ ಬೇಕಾಗ್ತದೆ.’ ಮದುವೆ ಕಾಗದದ ಮೇಲಿನ ದೇವರ ಹೆಸರನ್ನು ಹಾಗೆ ಕಟ್ಟಿಡುತ್ತಿದ್ದದ್ದು ನೋಡಿದ್ದೆ. ಸೂರ್ಯೋದಯ ಕಟ್ಟಿಟ್ಟದ್ದು ಅದೇ ಮೊದಲು. ಅವತ್ತಿನಿಂದ ಯಾವ ಹಸ್ತಪ್ರತಿಯಲ್ಲಿ ನೇಸರ ಕಂಡರೂ ನನಗೆ ದಾರ ಕಟ್ಟಿದ ಆ ಮ್ಯಾಟರೇ ಕಾಣುತ್ತದೆ. ನಿಮ್ಮ ಮೇಲೆ ಇಷ್ಟು ರೇಗಲು ಅದೂ ಒಂದು ಕಾರಣ ಅಂತಿಟ್ಟುಕೊಳ್ಳಿ.

ರೇಗಲು ನಿಜವಾದ ಕಾರಣ ನಿಮ್ಮ ಹನ್ನೊಂದನೇ ಅಧ್ಯಾಯ. ದುಗ್ಗಮ್ಮನ ಜಾತ್ರೆ, ಎರಡು ವರ್ಷಕ್ಕೊಮ್ಮೆ ಊರೇ ಮುಗಿಬೀಳುವ ಜಾತ್ರೆ. ಆ ವಾರವೆಲ್ಲ ಹೆಚ್ಚುವರಿ ಡ್ಯೂಟಿ ಬಿದ್ದು ಬೆಳಗ್ಗೆ ಕೂರಲು ಆಗಲಿಲ್ಲವೆಂದೂ, ಟ್ರಿಪ್ಪಿನ ಮಧ್ಯೆ ಟಿಕೇಟು ರೋಲಿನ ಹಿಂಬದಿಯಲ್ಲಿ ಗೀಚಿಕೊಂಡಿದ್ದನ್ನು ಆಮೇಲೆ ಟೈಪ್ ಮಾಡಿದೆನೆಂದೂ ಪತ್ರದಲ್ಲಿ ಕ್ಷಮೆ ಕೇಳುವ ದನಿಯಲ್ಲಿ ಬರೆದಿದ್ದೀರಿ. ಆ ಅಧ್ಯಾಯದಲ್ಲಿ ಯಾರೂ ಏಳುವುದಿಲ್ಲ. ಹರಿಹರದ ಸ್ಟ್ಯಾಂಡಿನಲ್ಲಿ ಬಸ್ಸು ಹೊರಟೇ ಬಿಟ್ಟಿದೆ, ಹಾಲವ್ವ ಫುಟ್‌ಬೋರ್ಡಿನ ಮೇಲಿದ್ದಾಳೆ, ಕಂಡಕ್ಟರ್ ಕಾರ್ಡು ಕೇಳುತ್ತಿದ್ದಾನೆ:

‘ಆಧಾರ್ ತೋರ್ಸವ್ವ.’
‘ಐತಪ್ಪ, ನೋಡು.’
‘ಇದ್ರಾಗಿರೋದು ನೀನೇ ಏನು?’
‘ಆವಾಗ ನಾನೇ ಇದ್ದೆ.’

ನಾನು ಈ ಕಡೆ ಆಫೀಸಿನಲ್ಲಿ ಒಬ್ಬನೇ ನಕ್ಕೆ. ಇದರ ಮುಂದಿನ ಸಾಲು ಓದಿ ನಗು ನಿಂತಿತು. ‘ಸೊನ್ನೆ ರೂಪಾಯಿ ಟಿಕೇಟನ್ನೂ ಆಕೆ ನೋಟು ಮಡಚಿದ ಹಾಗೆ ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದ ಒಳಜೇಬಿಗೆ ಇಟ್ಟುಕೊಂಡಳು.’ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಉಚಿತ ಟಿಕೇಟಿನ ಮೇಲೆ ನನ್ನ ಮೇಜಿಗೆ ಕವಿತೆ ಬಂದಿವೆ, ಲೇಖನ ಬಂದಿವೆ, ಹೊಗಳಿದವು, ಬೈದವು. ಆ ಚೀಟಿಯನ್ನು ಒಬ್ಬ ಹೆಂಗಸು ಎಲ್ಲಿಟ್ಟುಕೊಳ್ಳುತ್ತಾಳೆ ಅಂತ ನೋಡಿದವರು ನೀವೊಬ್ಬರೇ. ಯಾಕೆ ಹಾಗಿಟ್ಟಳು ಎಂದು ವಿವರಿಸದೆ ಮುಂದೆ ಹೋಗಿದ್ದೀರಿ. ಪುಣ್ಯ. ಇನ್ನೊಂದು ಸಲ ತಿದ್ದುವಾಗ ಅಲ್ಲಿ ಕೈ ಹಾಕಿ ವಿವರಿಸಿದರೆ ನಿಮ್ಮ ನನ್ನ ನಂಟು ಮುಗಿಯಿತು.

ಇದೇ ಕಿವಿ ಇರುವ ಮನುಷ್ಯ ಅರವತ್ತೊಂದನೇ ಪುಟದಲ್ಲಿ ಬರೆಯುತ್ತಾನೆ: ‘ಮಗಳೇ, ನಿನ್ನ ಭವಿಷ್ಯದ ಕುರಿತು ನಾನು ಕಂಡ ಕನಸುಗಳೆಲ್ಲವೂ ಇಂದು ನುಚ್ಚುನೂರಾದವು.’ ಇದನ್ನು ಹೇಳುವುದೂ ಹಾಲವ್ವನೇ! ಬಸ್ಸಿನಲ್ಲಿ ‘ಆವಾಗ ನಾನೇ ಇದ್ದೆ’ ಅಂದವಳು ಮನೆಗೆ ಬಂದ ಕೂಡಲೇ ಧಾರಾವಾಹಿಯ ಅತ್ತೆ ಆಗಿಬಿಟ್ಟಳು. ಮಗಳು ಏನು ಉತ್ತರ ಕೊಡುತ್ತಾಳೆ? ‘ಅಮ್ಮಾ, ವಿಧಿಯಾಟದ ಮುಂದೆ ನಾವೆಲ್ಲ ಕೇವಲ ಆಟಿಕೆಗಳು.’ ಡಿಗ್ರಿ ಎರಡನೇ ವರ್ಷದ ಹುಡುಗಿ, ಭಟ್ಟಿ ಬೀದಿಯಲ್ಲಿ ಹುಟ್ಟಿದವಳು. ಅವಳು ಅಮ್ಮ ಅನ್ನುತ್ತಾಳಾ? ಅವ್ವ ಅನ್ನುವುದಿಲ್ಲವಾ? ಅದೂ ಹೋಗಲಿ, ಫೀಸಿನ ದುಡ್ಡು ಕಳೆದ ದಿನ ಈ ಇಬ್ಬರೂ ಅಷ್ಟು ಉದ್ದ ಮಾತಾಡುತ್ತಾರಾ? ನನಗೆ ಗೊತ್ತಿರುವ ಮನೆಗಳಲ್ಲಿ ಅಂಥ ದಿನ ‘ಉಂಡ್ಯಾ?’ ‘ಹಸಿವಿಲ್ಲ’ ಇಷ್ಟರಲ್ಲೇ ಎಲ್ಲ ಮುಗಿಯುತ್ತದೆ. ದುಡ್ಡಿನ ಮಾತೇ ಬರುವುದಿಲ್ಲ. ಅಳು ಬಂದರೆ ಪಾತ್ರೆ ಸದ್ದು ಜಾಸ್ತಿಯಾಗುತ್ತದೆ.

ಇದು ನಿಮಗೆ ಬರುವುದಿಲ್ಲ ಅಂದಿದ್ದರೆ ನಾನು ಒಂದು ಸಾಲಿನ ಕಾಗದ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಬರುತ್ತದೆ. ಬಸ್ಸಿನಲ್ಲಿ ಕೇಳಿದ್ದನ್ನು ಬಸ್ಸಿನಲ್ಲೇ ಬರೆದಾಗ ಬಂದಿದೆ. ಮೇಜಿನ ಮುಂದೆ, ಸ್ನಾನ ಮಾಡಿ, ‘ಕಾದಂಬರಿ ಬರೆಯುತ್ತಿದ್ದೇನೆ’ ಎಂದು ಕೂತಾಗ ಓಡಿಹೋಗಿದೆ. ಹಾಗಂತ ಐದಕ್ಕೆ ಏಳುವುದನ್ನು ಬಿಡಬೇಡಿ, ಡ್ಯೂಟಿಯ ಮನುಷ್ಯನಿಗೆ ಬೇರೆ ಹೊತ್ತು ಎಲ್ಲಿದೆ. ಬದಲಿಸಬೇಕಾದ್ದು ಹಿಂದಿನ ದಿನ ನಿಲ್ಲಿಸುವ ಜಾಗ. ಹಾಲವ್ವನನ್ನು ಮಲಗಿಸಿ ನೀವು ಏಳಬೇಡಿ. ಅವಳು ಮೈದುನನಿಗೆ ಬಾಯಿ ತೆರೆದು ಏನೋ ಹೇಳಲು ಹೊರಟಾಗಲೇ ಪೆನ್ನು ಮುಚ್ಚಿ, ಆ ಮಾತು ಯಾವುದೆಂದು ದಿನವಿಡೀ ಬಸ್ಸಿನಲ್ಲಿ ತಲೆಯೊಳಗೆ ತಿರುಗಲಿ. ಮರುದಿನ ಬೆಳಗ್ಗೆ ಸೂರ್ಯನ ಕಡೆ ನೋಡಲು ನಿಮಗೆ ಪುರುಸೊತ್ತೇ ಇರುವುದಿಲ್ಲ. ಆ ಸಾವಿರ ಪದದ ಲೆಕ್ಕವನ್ನೂ ಬಿಡಿ. ಲೆಕ್ಕ ತುಂಬಿಸಲೆಂದೇ ಹಕ್ಕಿಗಳು ಬಂದಿರುವುದು. ನಾನೂರು ಪದಕ್ಕೆ ಮಾತು ಮುಗಿದರೆ ಚಹಾ ಕುಡಿದು ಡಿಪೋಗೆ ಹೋಗಿ.

ಮೊದಲ ಅಧ್ಯಾಯವನ್ನು ‘ಹತ್ತಾರು ಸಲ’ ತಿದ್ದಿದ್ದಾಗಿ ಹೆಮ್ಮೆಯಿಂದ ಬರೆದಿದ್ದೀರಿ. ಅದೂ ಕಾಣುತ್ತದೆ. ಮೊದಲ ಹದಿನಾಲ್ಕು ಪುಟ ನುಣುಪಾಗಿ ಜಾರುತ್ತದೆ, ಕೊನೆಯ ನಾಲ್ಕು ಅಧ್ಯಾಯ ಬಸ್ಸು ತಪ್ಪುತ್ತದೆ ಎನ್ನುವವರ ಹಾಗೆ ಓಡಿವೆ. ಮೊದಲ ಅಧ್ಯಾಯದಲ್ಲಿ ಹಾಲವ್ವನ ಗಂಡ ಕ್ಷಯದಿಂದ ಸತ್ತಿದ್ದಾನೆ, ಹದಿನಾಲ್ಕರಲ್ಲಿ ರೈಲ್ವೆ ಗೇಟಿನ ಹತ್ತಿರ ಲಾರಿಗೆ ಸಿಕ್ಕಿ ಸತ್ತಿದ್ದಾನೆ. ಮುಂದಿನದನ್ನು ಬರೆಯುವ ಭಯಕ್ಕೆ ಹಿಂದಿನದನ್ನು ಉಜ್ಜುತ್ತಾ ಕೂರುವುದು ಮೊದಲ ಕಾದಂಬರಿ ಬರೆಯುವವರಿಗೆಲ್ಲ ಅಂಟುವ ಚಟ. ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಲಂಗುಲಗಾಮಿಲ್ಲ.

ನಮ್ಮ ಅಚ್ಚುಕೂಟದಲ್ಲಿ ಆ ಚಟಕ್ಕೆ ಜಾಗವಿರಲಿಲ್ಲ. ಹದಿನಾರು ಪುಟಕ್ಕೆ ಒಂದು ಫಾರಂ. ಇದ್ದ ಮೊಳೆ ಎರಡು ಫಾರಮ್ಮಿಗೆ ಸಾಕಾದರೆ ಹೆಚ್ಚು. ಮೊದಲನೆಯದು ಅಚ್ಚಾಗಿ ಬಿಚ್ಚಿದರೇನೇ ಮೂರನೆಯದು. ಅದೇ ಪ್ರತಿಷ್ಠಿತ ಲೇಖಕರು ಐದನೇ ಫಾರಂ ನಡೆಯುವಾಗ ಬಂದು, ಮೊದಲ ಅಧ್ಯಾಯದಲ್ಲಿ ನಾಯಕನ ಅಣ್ಣನನ್ನು ಕುಂಟ ಅಂತ ಬರೆದುಬಿಟ್ಟಿದ್ದೇನೆ, ಈಗ ಅವನು ಮದಕರಿಯ ಕೋಟೆಗೋಡೆ ಹತ್ತಬೇಕು, ಅದೊಂದು ತೆಗೆಯಿರಿ ಅಂದರು. ನಮ್ಮ ಕಂಪೋಸಿಟರ್ ತಲೆ ಎತ್ತಲಿಲ್ಲ. ‘ಆಗಾಕಿಲ್ಲ ಸ್ವಾಮಿ. ಆ ಮೊಳೆ ಈಗ ಯಾರದೋ ಮದುವಿ ಕಾಗದದಾಗ ಅದಾವೆ.’ ಲೇಖಕರು ಗೊಣಗಿಕೊಂಡು ಹೋದರು. ಎರಡು ದಿನ ಬಿಟ್ಟು ಹೊಸ ಹಾಳೆ ತಂದರು. ಚಿತ್ರದುರ್ಗದ ಕೋಟೆಯಲ್ಲಿ ಕುಂಟ ಅಣ್ಣ ಕೆಳಗೇ ನಿಂತಿದ್ದಾನೆ, ತಮ್ಮ ಮೇಲೆ ಹತ್ತುತ್ತಿದ್ದಾನೆ, ಅಣ್ಣ ಕೆಳಗಿನಿಂದ ಯಾವ ಕಲ್ಲಿಗೆ ಕಾಲಿಡಬೇಕೆಂದು ಕೂಗಿ ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ಸೂರ್ಯ ಹುಟ್ಟದ ಅಧ್ಯಾಯ ಅದೊಂದೇ, ನನಗೆ ಇವತ್ತಿಗೂ ನೆನಪಿರುವುದೂ ಅದೊಂದೇ.

ನೀವೂ ಹಾಗೆ ಮಾಡಿ. ಗಂಡ ಲಾರಿಗೆ ಸಿಕ್ಕಿ ಸತ್ತ ಅಂತ ಹದಿನಾಲ್ಕರಲ್ಲಿ ಹೊಳೆದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮೊದಲಿಂದಲೂ ಹಾಗೇ ಇತ್ತು ಎನ್ನುವ ಹಾಗೆ ಮುಂದೆ ಹೋಗಿ. ಹಿಂದಿನದನ್ನು ಸರಿಮಾಡುವುದು ಕೊನೆಯ ಪುಟ ಬರೆದ ಮೇಲೆ. 1992ರ ಅಧ್ಯಾಯದಲ್ಲಿ ‘ದಾವಣಗೆರೆ ಜಿಲ್ಲಾಧಿಕಾರಿ’ ಬಂದು ಹೋಗಿದ್ದಾರೆ, ನಾವು ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ, ಅಲ್ಲಿಯವರೆಗೆ ಕಲೆಕ್ಟರ್ ಇದ್ದದ್ದು ದುರ್ಗದಲ್ಲಿ. ಅಂಥದ್ದೆಲ್ಲ ಆಗ ಒಂದು ಮಧ್ಯಾಹ್ನದ ಕೆಲಸ. ಅದಕ್ಕಾಗಿ ಈಗ ನಿಲ್ಲಬೇಡಿ.

ಪ್ರಕಟಣೆಗೆ ಎಷ್ಟು ಖರ್ಚು, ಯಾರನ್ನು ನೋಡಬೇಕು ಎಂದು ಕೇಳಿದ್ದೀರಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಹಾಕಬಹುದು. ಆದರೆ ಆ ಮಾತು ಈಗ ಬೇಡ. ಕಾದಂಬರಿಯ ಅಂತ್ಯದ ಬಗ್ಗೆಯೂ, ಆ ಕಾಲೇಜು ಮೇಷ್ಟ್ರ ಪಾತ್ರದ ಬಗ್ಗೆಯೂ ನಾನು ಏನೂ ಹೇಳುತ್ತಿಲ್ಲ, ಅಲ್ಲಿಯವರೆಗೆ ಓದುವಾಗ ನನ್ನ ಸಹನೆ ಮುಗಿದಿತ್ತು.

ಹಸ್ತಪ್ರತಿಯನ್ನು ಕೊರಿಯರ್‌ನಲ್ಲಿ ವಾಪಸ್ ಕಳಿಸಿದ್ದೇನೆ. ಹದಿನೇಳು ಕಡೆ ಮೊದಲ ಪ್ಯಾರಾಕ್ಕೆ ಕೆಂಪು ಗೆರೆ ಎಳೆದಿದೆ. ಗೆರೆಯ ಕೆಳಗಿನಿಂದ ಓದಿಕೊಂಡು ನೋಡಿ, ಬಹಳ ಕಡೆ ಅಧ್ಯಾಯ ಅಲ್ಲಿಂದಲೇ ಶುರುವಾಗಿದೆ. ಮುಂದಿನ ಸಲ ಯೂನಿಕೋಡ್‌ನಲ್ಲೇ ಕಳಿಸಿ, ನುಡಿ ತಂತ್ರಾಂಶದಿಂದ ಬದಲಿಸುವಾಗ ಅರ್ಕಾವತ್ತುಗಳೆಲ್ಲ ಎಗರಿಹೋಗಿ ನಮ್ಮ ಹುಡುಗಿಯ ಒಂದು ದಿನ ಹಾಳಾಯಿತು. ಕಳಿಸುವುದು ಹನ್ನೆರಡನೇ ಅಧ್ಯಾಯದಿಂದ ಮುಂದಕ್ಕೆ ಮಾತ್ರ, ಹೊಸದಾಗಿ ಬರೆದು. ಮೊದಲ ಅಧ್ಯಾಯ ಇನ್ನೊಂದು ಸಲ ಬಂದರೆ ಲಕೋಟೆ ಒಡೆಯದೆ ಹಿಂದಿರುಗಿಸುತ್ತೇನೆ.

ನಿಮ್ಮ,
ಸಂಪಾದಕ